ಮೂರು ಕಲ್ಲು ಮತ್ತು ನನ್ನ ಕಣ್ಣು

ನನ್ನ ಕಣ್ಣಿಗೆ ನಮ್ಮ ಮನೆಯಲ್ಲಿ ಯಾರೂ ಮೂರು ಕಾಸಿನ ಬೆಲೆ ಕೊಡುವುದಿಲ್ಲ. ಯಾರೂ ಎಂದರೆ, ಇರುವುದು ಹೆಂಡತಿ ಒಬ್ಬಳೇ. ಆದರೆ ಅವಳ ಒಂದು ಮಾತು ಹತ್ತು ಜನರ ಮಾತಿಗೆ ಸಮ (ಇದನ್ನು ಅವಳು ಓದುವ ಸಂಭವ ಇರುವುದರಿಂದ ಇಲ್ಲಿಗೇ ನಿಲ್ಲಿಸುತ್ತೇನೆ). ಹೊರಗೆ ಹೋಗಿ ಕೇಳಿ ನೋಡಿ ನನ್ನ ಪ್ರತಾಪವನ್ನು! ಇಪ್ಪತ್ತೆರಡು ವರ್ಷದಿಂದ ಹೊಲಿಗೆ ದಾರದ ಅಂಗಡಿ ನಡೆಸುತ್ತಿದ್ದೇನೆ. ದರ್ಜಿಗಳು ಬಟ್ಟೆಯ ತುಂಡು ಹಿಡಿದು ನನ್ನೆದುರು ಸಾಲುಗಟ್ಟುತ್ತಾರೆ. ನಾನು ತುಂಡನ್ನೊಮ್ಮೆ ಕಪಾಟನ್ನೊಮ್ಮೆ ನೋಡಿ, ಋಷಿಯಂತೆ ಕಣ್ಣು ಅರೆಮುಚ್ಚಿ ಕೈ ಚಾಚಿದೆನೆಂದರೆ, ಬರುವುದು ಅದೇ ಬಣ್ಣದ ರೀಲು. ಇಂಥ ದಿವ್ಯದೃಷ್ಟಿಯುಳ್ಳವನನ್ನು ಮನೆಯಲ್ಲಿ, "ರೀ, ಒಂದು ಕಾಲಿಗೆ ಕಪ್ಪು ಕಾಲುಚೀಲ, ಇನ್ನೊಂದಕ್ಕೆ ನೀಲಿ. ಬಿಚ್ಚಿ ಬದಲಾಯಿಸಿ" ಎಂದು ಬಾಗಿಲಲ್ಲೇ ತಡೆಯುತ್ತಾರೆ!

ಇರಲಿ, ಕಥೆಗೆ ಬರುತ್ತೇನೆ. ನಮ್ಮ ಮನೆಯ ಹಾಲ್‌ಗೆ ಹಾಸಿದ್ದು ಹಡಗಿನಲ್ಲಿ ಬಂದ ಅಮೃತಶಿಲೆ. ಹಾಲಿನ ಕೆನೆಯಂಥ ಬಿಳುಪು. ಅದರ ಮೇಲೆ ಬೂದು ಬಣ್ಣದ ಒಂದು ಗೆರೆ ಬಾಗಿಲಿನಿಂದ ಹೊರಟು, ಕಲ್ಲಿನಿಂದ ಕಲ್ಲಿಗೆ ದಾಟಿ, ಬಳುಕಿ, ಕಿಟಕಿಯವರೆಗೂ ಹರಿಯುತ್ತಿತ್ತು. ಆ ಗೆರೆಗಾಗಿ ನನ್ನಾಕೆ ಕಲ್ಲಿನ ಅಂಗಡಿಗೆ ಹದಿನಾಲ್ಕು ಸಲ ಅಲೆದಿದ್ದಳು. ಮೇಸ್ತ್ರಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಇದು ಅದರ ಪಕ್ಕಕ್ಕೆ, ಅದು ಇದರ ಮುಂದಕ್ಕೆ" ಎಂದು ಒಂದೊಂದನ್ನೂ ತಾನೇ ಜೋಡಿಸಿದ್ದಳು. ಬೆಳಗಿನ ಕೆಲಸ ಮುಗಿಸಿ, ಅಡುಗೆಮನೆಯ ಹೊಸ್ತಿಲಲ್ಲಿ ಕಾಫಿ ಲೋಟ ಹಿಡಿದು ಆ ಗೆರೆಯನ್ನು ನೋಡುತ್ತಾ ಕೂರುವ ಕಾಲು ಗಂಟೆಯಲ್ಲಿ ಅವಳನ್ನು ಮಾತಾಡಿಸುವ ಧೈರ್ಯ ನನಗೂ ಇರಲಿಲ್ಲ.

ಒಂದು ಮಂಗಳವಾರ ಚಾವಣಿಯ ಕೊಕ್ಕೆ ಕಳಚಿ, ಗಾಜಿನ ದೀಪದ ಗೊಂಚಲು ನಡುಮನೆಗೆ ಅವತರಿಸಿತು. ಕೆಳಗೆ ಯಾರೂ ಇರಲಿಲ್ಲ, ಪುಣ್ಯ. ಆದರೆ ಗೆರೆಯ ನಟ್ಟನಡುವಿನ ಮೂರು ಕಲ್ಲು ಚೂರುಚೂರು. ಅಂದಿನಿಂದ ನನ್ನಾಕೆ ಹೊಸ್ತಿಲಲ್ಲಿ ಕೂರುವುದನ್ನು ಬಿಟ್ಟಳು. ಕಾಫಿಯನ್ನು ಒಲೆಯ ಮುಂದೆ ನಿಂತೇ ಕುಡಿಯುತ್ತಿದ್ದಳು, ರೈಲಿಗೆ ಕಾಯುವವಳ ಹಾಗೆ.

ಮನೆಗೆ ವಿಮೆ ಇತ್ತು. ನಾನು ಸಹಿ ಹಾಕಿ ಮರೆತಿದ್ದ ಆ ಕಾಗದವನ್ನು ಅವಳು ಕಪಾಟಿನಿಂದ ತೆಗೆದು, ಪೆನ್ಸಿಲ್ ಹಿಡಿದು ಮೂರು ದಿನ ಓದಿದಳು. ಹನ್ನೊಂದನೆಯ ಪುಟದಲ್ಲಿ ನಿಧಿ ಸಿಕ್ಕಿತು. ಹಾಳಾದ ಕಲ್ಲಿಗೆ ಹೊಂದುವ ಕಲ್ಲು ಮಾರುಕಟ್ಟೆಯಲ್ಲಿ ಸಿಕ್ಕಿದರೆ, ಕಂಪನಿ ಅಷ್ಟನ್ನು ಮಾತ್ರ ಹಾಕಿಸಿಕೊಡುತ್ತದೆ. ಹೊಂದುವಂಥದ್ದು ಸಿಗದೆ, ವ್ಯತ್ಯಾಸ "ಹಗಲಿನ ಸಹಜ ಬೆಳಕಿನಲ್ಲಿ ಸಾಧಾರಣ ಮನುಷ್ಯನ ಕಣ್ಣಿಗೆ" ಎದ್ದು ಕಂಡರೆ, ಇಡೀ ಹಾಲ್‌ನ ನೆಲವನ್ನೇ ಹೊಸದಾಗಿ ಹಾಕಿಸಿಕೊಡಬೇಕು.

"ರೀ, ನಾಳೆ ನಷ್ಟ ನೋಡೋಕೆ ಕಂಪನಿಯ ಸರ್ವೇಯರ್ ಬರ್ತಾರೆ. ನೀವು ಒಂದೇ ಒಂದು ಉಪಕಾರ ಮಾಡಿ" ಎಂದಳು.

"ಹೇಳು, ಏನು ಬೇಕಾದ್ರೂ ಮಾಡ್ತೀನಿ."

"ಬಾಯಿ ಬಿಡಬೇಡಿ."

ಸರ್ವೇಯರ್ ಬೆಳಿಗ್ಗೆ ಒಂಬತ್ತೂವರೆಗೆ ಬಂದರು. ಸಣಕಲು ಆಸಾಮಿ, ಕೈಯಲ್ಲಿ ಮಾತ್ರ ಅವರಿಗಿಂತ ಭಾರದ ಚೀಲ. ಅದರಲ್ಲಿ ಮಾರುಕಟ್ಟೆಯಿಂದ ತಂದ, ಅದೇ ಹೆಸರಿನ ಅಮೃತಶಿಲೆಯ ತುಂಡುಗಳಿದ್ದವು. ನೆಲ ನೋಡಿದರು, ತುಂಡು ನೋಡಿದರು, ತಲೆ ಕೆರೆದುಕೊಂಡರು. "ಹೂಂ... ಸ್ವಲ್ಪ ಬೇರೆ ಥರ ಕಾಣುತ್ತೆ. ಪೂರ್ತಿ ನೆಲಕ್ಕೇ ಬರೆದುಬಿಡಲಾ ಅಂತ..." ಎನ್ನುತ್ತಾ ಪೆನ್ನಿನ ಮುಚ್ಚಳ ತೆಗೆದರು.

ಆ ಗಳಿಗೆಯಲ್ಲಿ ನಾನೊಂದು ಕಲ್ಲಿನ ಹಾಗೆ ನಿಂತಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷದ ವಿದ್ಯೆ ಗಂಟಲಲ್ಲಿ ಕಚಗುಳಿ ಇಟ್ಟಿತು.

"ಸ್ವಲ್ಪ ಏನು ಬಂತು ಸಾರ್! ಅಜಗಜಾಂತರ! ನಾನು ದಾರದ ವ್ಯಾಪಾರಿ. ಬಣ್ಣ ಅನ್ನೋದು ನನ್ನ ರಕ್ತದಲ್ಲಿದೆ. ಯಾವ ಥರ ಕಲಸಿಟ್ರೂ ನಮ್ಮ ಕಲ್ಲು ಯಾವುದು, ನಿಮ್ಮದು ಯಾವುದು, ಚಿಟಿಕೆ ಹೊಡೆಯೋದ್ರಲ್ಲಿ ಹೇಳ್ತೀನಿ."

ಸರ್ವೇಯರ್ ಮುಖ ಅರಳಿತು. "ಹೌದಾ? ತುಂಬ ಒಳ್ಳೇದಾಯ್ತು. ಮನೆ ಯಜಮಾನರೇ ಗುರುತಿಸಿದರು ಅಂತ ವರದಿಯಲ್ಲಿ ಹಾಕಿದ್ರೆ ಮೇಲಿನವರು ಪ್ರಶ್ನೇನೇ ಕೇಳಲ್ಲ. ಒಂದು ನಿಮಿಷ ಹೊರಗೆ ನಿಂತಿರಿ."

ಹೊರಗೆ ಹೋಗುವಾಗ ಹೆಂಡತಿಯ ಮುಖ ನೋಡಿದೆ. ನೋಡಬಾರದಿತ್ತು.

ಒಳಗೆ ಕರೆದಾಗ, ಊಟದ ಮೇಜಿನ ಮೇಲೆ ಟ್ಯೂಬ್‌ಲೈಟಿನ ಕೆಳಗೆ ನಾಲ್ಕು ತುಂಡುಗಳನ್ನು ಸಾಲಾಗಿ ಇಟ್ಟು ಒಂದೊಂದರ ಮುಂದೂ ನಂಬರಿನ ಚೀಟಿ ಇಟ್ಟಿದ್ದರು. ಎರಡು ನಮ್ಮ ನೆಲದ ಚೂರು, ಎರಡು ಅವರ ಚೀಲದವು. ನಾನು ಬಗ್ಗಿದೆ. ನಾಲ್ಕೂ ಬೆಳ್ಳಗಿದ್ದವು. ಪಕ್ಕದಿಂದ ನೋಡಿದೆ. ಆಗಲೂ ಬೆಳ್ಳಗಿದ್ದವು. ಒಂದೇ ತಾಯಿಯ ನಾಲ್ಕು ಅವಳಿ ಮಕ್ಕಳಂತೆ (ನಾಲ್ಕು ಅವಳಿ ಆಗುವುದಿಲ್ಲ, ಗೊತ್ತು, ಆಗ ಲೆಕ್ಕವೂ ತಪ್ಪುವ ಸ್ಥಿತಿ ನನ್ನದು). ಕಡೆಗೆ ಋಷಿಯಂತೆ ಕಣ್ಣು ಅರೆಮುಚ್ಚಿ ಘೋಷಿಸಿದೆ: "ಎರಡು ಮತ್ತು ನಾಲ್ಕು. ನಮ್ಮವು! ಆ ಕಳೆಯೇ ಹೇಳುತ್ತೆ."

ಸರ್ವೇಯರ್ ಮೆಲ್ಲಗೆ ಕೆಮ್ಮಿದರು. "ಎರಡು ಮತ್ತು ನಾಲ್ಕು ನನ್ನ ಚೀಲದ್ದು ಸಾರ್."

ಪೆನ್ನಿಗೆ ಮುಚ್ಚಳ ಬಿದ್ದ ಟಕ್ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. "ಬಣ್ಣ ರಕ್ತದಲ್ಲಿರೋ ಯಜಮಾನರಿಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಸಾಧಾರಣ ಮನುಷ್ಯನಿಗೆ ಹೇಗೆ ಗೊತ್ತಾಗುತ್ತೆ? ಮೂರೇ ಕಲ್ಲಿಗೆ ಬರೀಬೇಕಾಗುತ್ತೆ. ನನ್ನ ಕೈಕಟ್ಟಿ ಹಾಕಿಬಿಟ್ರಿ ನೀವು" ಎಂದರು.

"ಸಾರ್, ದರ್ಜಿಗಳೇ ರೀಲಿನ ನಂಬರ್ ಹೇಳ್ತಾರೆ. ಇವರು ಎತ್ತಿಕೊಡ್ತಾರೆ, ಅಷ್ಟೆ" ಎಂದಳು ನನ್ನಾಕೆ.

ಇಪ್ಪತ್ತೆರಡು ವರ್ಷದ ಕೀರ್ತಿ ಒಂದೇ ವಾಕ್ಯದಲ್ಲಿ ಕುಸಿಯಿತು! ಆದರೆ ಅವಳ ಗಮನ ನನ್ನ ಮೇಲಿರಲಿಲ್ಲ. ಹನ್ನೊಂದನೆಯ ಪುಟವನ್ನು ಬಿಡಿಸಿ ಸರ್ವೇಯರ್ ಮುಂದೆ ಇಟ್ಟಳು.

"ಇಲ್ಲಿ ನೋಡಿ. ಹಗಲಿನ ಸಹಜ ಬೆಳಕು ಅಂತ ನಿಮ್ಮವರೇ ಬರೆದಿದ್ದಾರೆ. ನೀವು ಪರೀಕ್ಷೆ ಮಾಡಿದ್ದು ಟ್ಯೂಬ್‌ಲೈಟಲ್ಲಿ. ಹತ್ತೂಕಾಲಿಗೆ ಈ ಕಿಟಕೀಲಿ ಬಿಸಿಲು ಒಳಗೆ ಬರುತ್ತೆ. ಕಾಫಿ ಕುಡೀತಾ ಕೂತಿರಿ, ಆಮೇಲೆ ಏನು ಬೇಕಾದ್ರೂ ಬರೀರಿ."

ಸರ್ವೇಯರ್ ಗಡಿಯಾರ ನೋಡಿ, ಅವಳ ಮುಖ ನೋಡಿ, ಕೂತರು.

ಹತ್ತು ಗಂಟೆಗೆ ಮೋಡ ಬಂತು. ನಾನು ಕಿಟಕಿಯ ಬಳಿ ನಿಂತು ಮೋಡವನ್ನು ದುರುಗುಟ್ಟಿ ನೋಡಿದೆ. "ನೀವು ಪಕ್ಕಕ್ಕೆ ಬನ್ನಿ. ಬರೋ ಅಷ್ಟು ಬೆಳಕಿಗೂ ಅಡ್ಡ ನಿಂತಿದ್ದೀರಿ" ಎಂದಳು. ಬಂದೆ. ಸರ್ವೇಯರ್ ಎರಡನೆಯ ಲೋಟವನ್ನೂ ಮುಗಿಸಿದರು. ಹತ್ತೂಕಾಲಾಯಿತು. ಹತ್ತೂ ಇಪ್ಪತ್ತಾಯಿತು. ಅವರು ಚೀಲಕ್ಕೆ ಕೈ ಹಾಕುವಷ್ಟರಲ್ಲಿ, ಯಾರೋ ಪರದೆ ಸರಿಸಿದಂತೆ ಬಿಸಿಲು ಒಳಗೆ ಬಂದು ನೆಲದುದ್ದಕ್ಕೂ ಮಲಗಿತು.

ನನ್ನಾಕೆ ಹೊಸ ತುಂಡೊಂದನ್ನು ಒಡೆದ ಜಾಗದಲ್ಲಿಟ್ಟಳು. "ಇಲ್ಲಿ ಕೂತು ನೋಡಿ ಸಾರ್" ಎಂದು ಹೊಸ್ತಿಲು ತೋರಿಸಿದಳು. ಸರ್ವೇಯರ್ ಕೂತರು. ಸುತ್ತಲಿನ ಕಲ್ಲು ಬೆಣ್ಣೆಯ ಹಾಗೆ ತಣ್ಣಗೆ ಹೊಳೆಯುತ್ತಿತ್ತು. ಹೊಸ ತುಂಡು ಮಾತ್ರ ಹಳದಿಗಟ್ಟಿದ ಹಲ್ಲಿನಂತೆ ಇಣುಕುತ್ತಿತ್ತು. ಹರಿದು ಬಂದ ಬೂದು ಗೆರೆ ಅದರ ಅಂಚಿಗೆ ಬಂದು, ದಾರಿ ತಪ್ಪಿದ ನೆಂಟನಂತೆ ನಿಂತುಬಿಟ್ಟಿತ್ತು.

"ಅಯ್ಯೋ!" ಎಂದರು ಸರ್ವೇಯರ್.

ಆದರೂ ಮನುಷ್ಯ ಕಟ್ಟುನಿಟ್ಟು. ನಾಲ್ಕು ತುಂಡನ್ನೂ ಬಿಸಿಲಿಗೆ ತಂದು, ಅವಳಿಗೆ ಬೆನ್ನು ತಿರುಗಿಸಲು ಹೇಳಿ ಕಲಸಿದರು. ಅವಳು ತಿರುಗಿ ನೋಡಿ, ನಿಂತಲ್ಲಿಂದಲೇ ಬೆರಳು ತೋರಿಸಿದಳು: "ಇದು, ಇದು ನಮ್ಮದು." ಮತ್ತೆ ಕಲಸಿದರು. "ಇದು, ಇದು." ಮೂರನೆಯ ಸಲವೂ ತಪ್ಪಲಿಲ್ಲ.

ಪೆನ್ನಿನ ಮುಚ್ಚಳ ಮತ್ತೆ ತೆರೆಯಿತು. ವರದಿ ಬರೆದು ಅವರೇ ಓದಿ ಹೇಳಿದರು: "ಹಗಲಿನ ಬೆಳಕಿನಲ್ಲಿ ವ್ಯತ್ಯಾಸವು ಸಾಧಾರಣ ಮನುಷ್ಯರಿಗೆ ಸ್ಪಷ್ಟವಾಗಿ ಕಾಣುತ್ತದೆ. ಮನೆಯ ಯಜಮಾನರನ್ನು ಈ ಲೆಕ್ಕಕ್ಕೆ ತೆಗೆದುಕೊಂಡಿಲ್ಲ."

"ಅಂದ್ರೆ ನಾನು ಅಸಾಧಾರಣ ಅಂತಾಯ್ತು" ಎಂದೆ. ನನ್ನಾಕೆ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಎರಡು ವಾರದಲ್ಲಿ ಮಂಜೂರಾತಿ ಪತ್ರ ಬಂತು: ಇಡೀ ನೆಲ! ನನ್ನಾಕೆ ಕಲ್ಲಿನ ಅಂಗಡಿಗೆ ಮತ್ತೆ ಅಲೆಯತೊಡಗಿದಳು. ನಾನೂ ಬರುತ್ತೇನೆಂದೆ. "ಬೇಡ, ಅಲ್ಲಿ ಬೇರೆಯವರೂ ಕಲ್ಲು ಕೊಳ್ತಿರ್ತಾರೆ. ಅವರಿಗೆ ಯಾಕೆ ತೊಂದರೆ" ಎಂದಳು. ಕೆಲಸ ಶುರುವಾಗುವ ಹೊತ್ತಿಗೆ ಧೂಳು ನನ್ನ ಎದೆಗೆ ಒಗ್ಗುವುದಿಲ್ಲವೆಂದು ನನ್ನನ್ನು ಅಕ್ಕನ ಮನೆಗೆ ಸಾಗಹಾಕಿದಳು. ಹತ್ತು ದಿನದ ಕೆಲಸ ಎಂದಿದ್ದ ಮೇಸ್ತ್ರಿ. ಹತ್ತನೆಯ ದಿನ, ಹೇಳಿದ ಮಾತಿನಂತೆ, ಸಿಹಿಯ ಪೊಟ್ಟಣ ಹಿಡಿದು ಮನೆಗೆ ಬಂದೆ.

ಬಾಗಿಲು ದಾಟಿದವನು ಹಾಗೇ ನಿಂತೆ. ಸಾಮಾನೆಲ್ಲ ತೆರವಾಗಿ, ಹಾಲ್ ಮೈದಾನದಂತೆ ಬಿಚ್ಚಿಕೊಂಡಿತ್ತು. ಪಾಲಿಷ್ ಕೆಡದಿರಲೆಂದೋ ಏನೋ, ನಡುವೆ ಒಂದು ಜಮಖಾನೆ ಹಾಸಿತ್ತು. ಉಳಿದ ನೆಲ ಥಳಥಳ. ಮೇಸ್ತ್ರಿ ಮೂಲೆಯಲ್ಲಿ ನಿಂತು ಅಳತೆಪಟ್ಟಿ ಸುತ್ತುತ್ತಿದ್ದ.

ಕೈಯಲ್ಲಿದ್ದ ಪೊಟ್ಟಣವನ್ನು ಎದೆಗವಚಿಕೊಂಡು ಹೇಳಿದೆ: "ಆಹಾ! ಇದು ಕಲ್ಲು ಅಂದ್ರೆ! ಏನು ಬಿಳುಪು, ಏನು ಗೆರೆ! ನಿಜ ಹೇಳ್ಲಾ? ಹಳೇದು ನನಗೆ ಯಾವತ್ತೂ ಅಷ್ಟಕ್ಕಷ್ಟೆ. ಏನೋ ಮಂಕು ಹೊಡೆದ ಹಾಗಿತ್ತು. ಇದರ ಮುಂದೆ ಅದನ್ನ ನಿವಾಳಿಸಿ ಎಸೀಬೇಕು!"

ಮೇಸ್ತ್ರಿ ಅಳತೆಪಟ್ಟಿಯನ್ನು ಅರ್ಧಕ್ಕೇ ನಿಲ್ಲಿಸಿ ನನ್ನಾಕೆಯ ಮುಖ ನೋಡಿದ. ಅವಳು ಬಗ್ಗಿ ಜಮಖಾನೆಯ ತುದಿ ಎತ್ತಿದಳು.

ಕೆಳಗೆ ಮೂರು ಕಲ್ಲು. ಚೂರುಚೂರು.

"ಸಾರ್, ಕಲ್ಲಿನ ಲಾರಿ ತಡವಾಯ್ತು. ಇವತ್ತು ಅಮ್ಮಾವರು ಹಳೇ ನೆಲ ಒಂದ್ಸಲ ತೊಳೆಸಿದ್ರು. ಕೆಲಸ ನಾಳೆಯಿಂದ" ಎಂದ ಮೇಸ್ತ್ರಿ, ನಗುವನ್ನು ಮೀಸೆಯೊಳಗೆ ತುರುಕುತ್ತಾ.

ನನ್ನಾಕೆಗೆ ಅಷ್ಟೂ ಸಾಧ್ಯವಾಗಲಿಲ್ಲ. ಹೊಸ್ತಿಲ ಮೇಲೆ ಧೊಪ್ಪನೆ ಕೂತು, ಸೆರಗು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ದೀಪ ಬಿದ್ದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ನಗು ಇಳಿದ ಮೇಲೆ ನನ್ನ ಕೈಯಿಂದ ಪೊಟ್ಟಣ ಬಿಡಿಸಿಕೊಂಡು, ಒಂದು ಸಿಹಿ ನನ್ನ ಬಾಯಿಗಿಟ್ಟು ಹೇಳಿದಳು:

"ಹೋಗ್ಲಿ ಬಿಡಿ. ಹೊಸದು ಹಾಕಿದ ದಿನವೂ ಹೀಗೇ ಹೊಗಳಿ. ಯಾವತ್ತು ಅನ್ನೋದನ್ನ ಮಾತ್ರ ನಾನು ಹೇಳ್ತೀನಿ."