ಅಜ್ಜನ ಟವೆಲ್ಲಿನ ಕೆಳಗೆ

ಮರೆವಿನ ಕಾಯಿಲೆ ಬಂದವರ ಮನೆಗೆ ಹೋಗಿ, ಅವರನ್ನು ನೋಡಿಕೊಳ್ಳುವವರಿಗೆ ನಾಲ್ಕು ಮಾತು ಹೇಳಿಕೊಟ್ಟು ಬರುವುದು ನನ್ನ ಕೆಲಸ. ರಾಮದುರ್ಗ, ಸವದತ್ತಿ ಕಡೆಯ ಊರುಗಳು ನನ್ನ ಪಾಲಿಗೆ. ಹೇಳಿಕೊಡಲು ಹೋದವಳು ಒಂದಿಲ್ಲೊಂದು ಪೇಚಿಗೆ ಸಿಕ್ಕಿಕೊಳ್ಳದೆ ವಾಪಸು ಬಸ್ಸು ಹತ್ತಿದ್ದು ಅಪರೂಪ. ಅದರ ಮೇಲೆ ಬೇಕಾದ್ದು ಬೇಡಾದ್ದು ಎಲ್ಲ ಕೇಳುವ ಚಟ ಬೇರೆ. ಕಟಕೋಳದ ಒಂದೇ ಮನೆಯಲ್ಲಿ ಆದದ್ದನ್ನು ಹೇಳಿದರೆ ಸಾಕು.

೧. ಹಲ್ಲು

ಆ ಮನೆಯ ಅಜ್ಜ ಜೀವಮಾನವೆಲ್ಲ ದನದ ಸಂತೆಯಲ್ಲಿ ದಲಾಲಿ ಮಾಡಿದವರು. ಈಗ ಮಗನ ಗುರುತೂ ಹತ್ತುವುದಿಲ್ಲ. ಮೊದಲ ದಿನ ಎದುರಿಗೆ ಕೂತು ನನ್ನ ಮಾಮೂಲು ಪ್ರಶ್ನೆ ಶುರು ಮಾಡಿದೆ.

"ಅಜ್ಜಾರ, ಈಗ ಯಾವ ತಿಂಗಳ ನಡದೈತ್ರಿ? ಇದು ಯಾವ ಊರ್ರಿ? ಮಧ್ಯಾಹ್ನ ಏನ ಉಂಡ್ರಿ?"

ಅಜ್ಜ ಎದ್ದು ನನ್ನ ಸುತ್ತ ಒಂದು ಸುತ್ತು ಹಾಕಿದರು. "ಬಾಯಿ ತಗಿ" ಅಂದರು. ಮುಂದೇನು ಮಾಡುತ್ತಾರೋ ನೋಡೋಣ ಅಂತ ನಾನೂ ತೆಗೆದೆ. ಗಲ್ಲ ಹಿಡಿದು ಎತ್ತಿನ ಹಲ್ಲು ನೋಡುವಂತೆ ನೋಡಿ, ಮಗನ ಕಡೆ ತಿರುಗಿ ಹೇಳಿದರು:

"ವಯಸ್ಸಾಗೇತಿ. ಕಾಲು ಗಟ್ಟಿ ಅದಾವ. ಆದ್ರ ಬಾಳ ಒದರ್ತೈತಿ. ನಮಗ ಬ್ಯಾಡ."

೨. ಹೂಂ

ಆ ದಿನ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದ ಸೊಸೆ ಮೆಲ್ಲಗೆ ಹೇಳಿದಳು: "ಅಕ್ಕಾರ, ಮುಂದಿನ ತಿಂಗಳ ಕಿತ್ತೂರಾಗ ನನ್ನ ತಮ್ಮನ ಮಗಳ ಮದಿವಿ. ಎರಡ ದಿನ ಹೋಗಿ ಬರಬೇಕಂತೀನಿ. ಮಾವಾರು ನಾ ಕೊಟ್ರಷ್ಟ ಉಣ್ತಾರ. ನಮ್ಮ ಮನಿಯವರು ಹತ್ರ ಹೋದ್ರ, ಕಳ್ಳ ಬಂದಾನಂತ ಬಡಿಗಿ ಎತ್ತತಾರ. ಸೋದರತ್ತಿ ಇಲ್ಲದ ಮದಿವಿ ಹೆಂಗ ಆಗತೈತ್ರಿ?"

ಅವಳ ಕಣ್ಣು ತುಂಬಿದ್ದವು. ನನಗೂ ಸಂಕಟವಾಯಿತು. ಅವಳ ಗಂಡ ಮಾತ್ರ ದಿನವೂ "ಯಪ್ಪಾ, ನಾ ನಿನ್ನ ಮಗ ಅದೇನಿ!" ಅಂತ ವಾದಕ್ಕೆ ನಿಲ್ಲುತ್ತಿದ್ದ. ಅವನನ್ನು ಕರೆದು, "ವಾದ ಮಾಡಬ್ಯಾಡ್ರಿ. ಅವರು ಏನಂದ್ರೂ ಹೂಂ ಅನ್ರಿ" ಅಂತ ಹೇಳಿ ಬಂದೆ.

ಮರುವಾರ ಹೋದರೆ ಅಂಗಳದಲ್ಲಿ ಎಮ್ಮೆ ಕಟ್ಟಿದೆ. ಇವರ ಮನೆಯಲ್ಲಿ ಎಮ್ಮೆ ಇರಲಿಲ್ಲ. ಯಾವಾಗ ತಂದಿರಿ ಅಂತ ಕೇಳುತ್ತಾ, ಕೊಟ್ಟ ಗಟ್ಟಿ ಹಾಲಿನ ಚಹಾ ಕುಡಿದು ಮುಗಿಸಿದೆ. ಅಷ್ಟರಲ್ಲಿ ಬಾಜೂ ಮನೆಯವನು ಕೂಗಾಡುತ್ತಾ ಬಂದ. ಬೀದಿಯಲ್ಲಿ ಹೊರಟ ಅವನ ಎಮ್ಮೆಯನ್ನು ನೋಡಿ ಅಜ್ಜ "ಇದು ನಮ್ಮದು, ಒಳಗ ಹೊಡಿ" ಅಂದಿದ್ದರು. ಮಗ ಹೂಂ ಅಂದು ಹೊಡೆದುಕೊಂಡು ಬಂದಿದ್ದ.

"ಅಲ್ರೀ, ಹೂಂ ಅನ್ರಿ ಅಂದ್ರ ಎಮ್ಮಿ ಕಟ್ಟೂದೇನ್ರಿ?" ಅಂದೆ.

"ಕಟ್ಟಬ್ಯಾಡ ಅಂತ ನೀವು ಹೇಳಲಿಲ್ರಿ ಅಕ್ಕಾರ. ಹಿಂಡಬ್ಯಾಡ ಅಂತನೂ ಹೇಳಲಿಲ್ಲ" ಅಂದ, ನನ್ನ ಖಾಲಿ ಕಪ್ಪು ನೋಡುತ್ತಾ.

೩. ಜಳಕ

ಜಳಕವೆಂದರೆ ಆ ಮನೆಯಲ್ಲಿ ದಿನಾ ಯುದ್ಧ. ಬಚ್ಚಲ ಅಂದ ಕೂಡಲೇ ಅಜ್ಜ ಕಂಬ ಹಿಡಿದು ನಿಲ್ಲುತ್ತಿದ್ದರು. ನನಗೆ ಕುತೂಹಲ ಇದ್ದದ್ದು ಅವರ ಟವೆಲ್ಲಿನ ಬಗ್ಗೆ. ಬಲಗೈ ಮೇಲೆ ಅದನ್ನು ಸದಾ ಹೊದಿಸಿಕೊಂಡೇ ಇರುತ್ತಿದ್ದರು. ಪಕ್ಕದಲ್ಲಿ ಯಾರು ಕೂತರೂ ಅದರ ಕೆಳಗಿಂದ ಅವರ ಕೈಗೆ ತಡಕಾಡುತ್ತಿದ್ದರು.

"ಅದೇನ್ರಿ ಅದು?" ಅಂತ ಕೇಳಿದೆ.

"ಸಂತ್ಯಾಗ ರೇಟು ಬಾಯಿಲೆ ಹೇಳೂದಿಲ್ರಿ" ಅಂದ ಮಗ. "ವಸ್ತ್ರದ ಬುಡಕ ಬೆರಳ ಹಿಡದು ಹೇಳತಾರ. ಸುತ್ತ ನಿಂತವರಿಗೆ ತಿಳೀಬಾರದಲ್ರಿ. ಒಮ್ಮೆ ಕೈಯಾಗ ಆತು ಅಂದ್ರ ಆತು. ನಮ್ಮಪ್ಪ ಮಾತಿಗೆ ತಪ್ಪಿದಾಂವಲ್ಲ."

ಸೊಸೆ ರೊಟ್ಟಿ ಬಡಿಯುತ್ತಿದ್ದವಳು ಒಮ್ಮೆಲೇ ಎದ್ದಳು. ಹಿಟ್ಟಿನ ಕೈ ಒರೆಸಿಕೊಂಡು ಮಾವನ ಪಕ್ಕ ಕೂತು ಟವೆಲ್ಲಿನ ಕೆಳಗೆ ಕೈ ತೂರಿಸಿದಳು. "ಜಳಕಕ್ಕ ರೇಟು ಹೇಳ್ರಿ" ಅಂದಳು. ಅಜ್ಜನ ಬೆನ್ನು ನೆಟ್ಟಗಾಯಿತು, ಕಣ್ಣಿಗೆ ಕಳೆ ಬಂತು. ಕೆಳಗೆ ಬೆರಳು ಹಿಡಿದರು, ಇವಳು ಕೊಡವಿದಳು. ಮತ್ತೆ ಹಿಡಿದರು. ಕೊನೆಗೆ "ಆತು!" ಅಂದು ತಾವೇ ಎದ್ದು ಬಚ್ಚಲಿಗೆ ನಡೆದರು.

"ಎಷ್ಟಕ್ಕ ಮುಗೀತು?" ಅಂತ ಕೇಳಿದೆ.

"ನನಗೇನ ಗೊತ್ತರಿ? ಅವರು ಹಿಡದ್ರು, ನಾ ಹೂಂ ಅಂದ್ನಿ."

ಜಳಕ ಮುಗಿಸಿ ಬಂದ ಅಜ್ಜ ಕೈ ಚಾಚಿದರು. ಗಾಬರಿಯಲ್ಲಿ ಸೊಸೆ ಡಬ್ಬಿಯಿಂದ ಎರಡು ಶೇಂಗಾ ಉಂಡೆ ಇಟ್ಟಳು. ಅಜ್ಜ ಅವನ್ನು ತಿರುಗಿಸಿ ನೋಡಿ ಗದರಿದರು: "ಮೂರ ಬೆರಳ ಹಿಡದಿದ್ನಿ. ಮೋಸ ಮಾಡಬ್ಯಾಡ."

೪. ಮದುವೆಗೆ ಹೊರಟ ಬೆಳಿಗ್ಗೆ

ಇನ್ನು ಊಟಕ್ಕೂ ಜಳಕಕ್ಕೂ ಈ ಬೆರಳಿನ ವ್ಯಾಪಾರವನ್ನು ಮಗ ಕಲಿಯಬೇಕಿತ್ತು. ಅವನು ಮಾತ್ರ ಒಪ್ಪಲಿಲ್ಲ. "ಹೆತ್ತಪ್ಪನ ಮುಂದ ಗಿರಾಕಿ ಆಗಿ ಕುಂದ್ರಲೇನ್ರಿ?" ಅಂದ.

ಹೊರಡುವ ಬೆಳಿಗ್ಗೆ ನಾನೂ ಹೋಗಿದ್ದೆ. ಬಾಗಿಲಲ್ಲಿ ಆಟೋ ನಿಂತಿದೆ. ಸೊಸೆ ರೇಷ್ಮೆ ಸೀರೆ ಉಟ್ಟು, ಬ್ಯಾಗು ಹಿಡಿದು, ಹೊರಗೂ ಹೋಗಲಾರದೆ ಒಳಗೂ ನಿಲ್ಲಲಾರದೆ ನಿಂತಿದ್ದಾಳೆ. ಅವಳ ಮುಖ ನೋಡಿ ಮಗ ಕೊನೆಗೂ ಅಪ್ಪನ ಪಕ್ಕ ಕೂತ. ಟವೆಲ್ಲಿನ ಕೆಳಗೆ ಕೈ ಇಟ್ಟು "ಜಳಕಕ್ಕ ರೇಟು ಹೇಳ್ರಿ" ಅಂದ.

ಅಜ್ಜ ಹಿಡಿದರು. ಬೆರಳು ಅಲ್ಲ, ಇಡೀ ಕೈ ಸವರಿದರು. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಟವೆಲ್ಲನ್ನೇ ಎತ್ತಿ ಹೆಗಲಿಗೆ ಹಾಕಿಕೊಂಡರು.

"ವ್ಯಾಪಾರ ಇಲ್ಲ" ಅಂದರು.

ಸೊಸೆ ಬ್ಯಾಗು ಕೆಳಗಿಟ್ಟಳು.

"ಇದು ನಮ್ಮ ಮನಿ ಕೈ. ಮನಿ ಮಂದಿ ಕೂಡ ಎಂಥಾ ವ್ಯಾಪಾರ? ಪುಕ್ಕಟ ಬರತೇನಿ, ನಡಿ ಮಗಾ."

ಮಗನಿಗೆ ಎದ್ದು ನಿಲ್ಲಲೂ ಆಗಲಿಲ್ಲ. ಚಿಕ್ಕ ಹುಡುಗನಂತೆ ಅಳುತ್ತಿದ್ದವನ ಕೈ ಹಿಡಿದು ಅಜ್ಜನೇ ಎಬ್ಬಿಸಿದರು. ಬಚ್ಚಲ ಬಾಗಿಲಲ್ಲಿ ನಿಂತು, ರೇಷ್ಮೆ ಸೀರೆಯ ಸೊಸೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಗುರುತು ಹತ್ತಲಿಲ್ಲ. ಮಗನ ಕಿವಿಯಲ್ಲಿ, ಓಣಿಗೆಲ್ಲ ಕೇಳುವಂತೆ ಹೇಳಿದರು:

"ಯಾರ ಮನಿ ಹೆಣ್ಮಗಳೋ? ಬಾಳ ಚಲೋ ಅದಾಳ. ಹಲ್ಲು ನೋಡೂದೂ ಬ್ಯಾಡ, ಸುಮ್ನ ಮಾಡ್ಕೊಂಡ ಬಿಡು."

ಸೊಸೆ ಕಣ್ಣೊರೆಸಿಕೊಂಡು ಬ್ಯಾಗು ಎತ್ತಿದಳು. ಆಟೋದಲ್ಲಿ ಕೂತ ಮೇಲೆ ತಲೆ ಹೊರಗೆ ಹಾಕಿ ಕೂಗಿದಳು: "ಎರಡ ದಿನ ಟೈಮ್ ಕೊಡ್ರಿ ಮಾವಾರ! ತವರುಮನ್ಯಾಗ ಕೇಳ್ಕೊಂಡ ಬರತೇನಿ!"