ಮಂಚದ ಕಾಲಿನ ಗಿಟಾರಿಗೆ ಒಂದು ಪಿಕಪ್ಪು

ಗುರುಸಿದ್ದನ ತಾಪತ್ರಯಕ್ಕೆಲ್ಲ ಮೂಲ ಒಂದು ತೂತು. ಗಿಟಾರಿನ ಪಕ್ಕೆಯಲ್ಲಿ ವೈರು ಸಿಕ್ಕಿಸಲು ಅವನು ಕೊರೆದದ್ದು ಒಂದೇ ತೂತು. ತಂತಿಯ ದನಿಯನ್ನು ಸ್ಪೀಕರಿಗೆ ದಾಟಿಸಲು ಅಂಗಡಿಯಿಂದ ತಂದದ್ದು ಮಾತ್ರ ಎರಡು ಪಿಕಪ್ಪು.

ಗಿಟಾರು ಅವನೇ ಕೈಯಾರೆ ಮಾಡಿದ್ದು. ಊರು ಗದಗ, ಕೆಲಸ ಬಿಟಿಎಂ ಲೇಔಟಿನ ಒಂದು ವಿಮಾ ಕಚೇರಿಯಲ್ಲಿ, ವಾಸ ಸುದ್ದಗುಂಟೆಪಾಳ್ಯದ ಸೇತುರಾಮರ ಮನೆಯ ಮೇಲಿನ ರೂಮು. ಸೇತುರಾಮರು ಎಸೆಯಲಿಟ್ಟಿದ್ದ ಡ್ರಾಯರು ಗಿಟಾರಿನ ಹೊಟ್ಟೆಯಾಯಿತು, ಅವರ ಹಳೇ ಮಂಚದ ಕಾಲು ಕುತ್ತಿಗೆಯಾಯಿತು. ಸಂಜೆ ಬೀದಿಯ ಗಣೇಶನ ಪೆಂಡಾಲಿನಲ್ಲಿ ಅದನ್ನು ಬಾರಿಸುವುದೆಂದು ಗೊತ್ತಾಗಿತ್ತು. "ಕೊನೇ ಸಾಲಿಗೂ ಕೇಳ್ಬೇಕು ಗುರು, ಇಲ್ಲಾಂದ್ರೆ ನಮ್ಮ ಭಾವಮೈದನ ಕರಾವೋಕೆ ಹಾಕ್ಸಿಬಿಡ್ತೀನಿ" ಎಂದು ಸಮಿತಿಯ ಪ್ರಸನ್ನ ಮೊದಲೇ ಎಚ್ಚರಿಸಿದ್ದ.

ಅದಕ್ಕಿಂತ ದೊಡ್ಡ ಭಯ ಹಬ್ಬಕ್ಕೆಂದು ಊರಿನಿಂದ ಬಂದಿದ್ದ ಅವ್ವ ಪಾರವ್ವನದು. "ಲಗ್ನದ ವಯಸ್ಸಿನ್ಯಾಗ ಪೆಟಗಿ ಕೊರಕೋಂತ ಕುಂತಿ. ಇವತ್ತ ಸಪ್ಪಳ ಬರ್ಲಿಲ್ಲಂದ್ರ ಇದನ್ನ ಊರಿಗೆ ಒಯ್ತೀನಿ ನೋಡು. ಉಳ್ಳಾಗಡ್ಡಿ ತುಂಬಾಕ ಛಲೋ ಆಗ್ತೈತಿ."

ಒಂದು ಪಿಕಪ್ಪು ಅಯಸ್ಕಾಂತದ್ದು. ಹೆಬ್ಬೆರಳುದ್ದದ ಕಪ್ಪು ಡಬ್ಬಿ, ಒಳಗೆ ತಾಮ್ರದ ಸುರುಳಿ. ಉಕ್ಕಿನ ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಹಿಡಿಯುತ್ತದೆ. ಇನ್ನೊಂದು ಪಿಯೆಜೋ. ತೆಳ್ಳಗಿನ ಹಿತ್ತಾಳೆ ಬಿಲ್ಲೆ. ಮರಕ್ಕೆ ಅಂಟಿಸಿದರೆ ಮರದ ನಡುಕವನ್ನೇ ಹಿಡಿಯುತ್ತದೆ. ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಗುರುಸಿದ್ದ, ಎರಡು ಬಸ್ಸು ಒಟ್ಟಿಗೆ ಬಂದಾಗ ಸ್ಟಾಪಿನಲ್ಲಿ ಪರದಾಡುವವನ ಹಾಗೆ ಟೆರೇಸಿನ ತುಂಬ ತಿರುಗುತ್ತಿದ್ದ.

ಸೇತುರಾಮರು ಕಾಫಿ ಲೋಟ ಹಿಡಿದು ಮೇಲೆ ಬಂದರು. "ಯೋಚನೆ ಯಾಕ್ರೀ? ಮ್ಯಾಗ್ನೆಟ್ ಹಾಕಿ. ಜೀವಮಾನವೆಲ್ಲಾ ಟೆಲಿಫೋನ್ ಇಲಾಖೇಲಿ ಕಳೆದೋನು ನಾನು. ಅಲ್ಲದೆ ಅದು ನಮ್ಮ ಮಂಚದ ಕಾಲು, ಹೇಳೋ ಹಕ್ಕಿದೆ ನನಗೆ."

ಗುರುಸಿದ್ದ ಅಯಸ್ಕಾಂತಕ್ಕೆ ವೈರು ಬೆಸೆದ. ಬೆಸುಗೆ ಆರುವ ಮೊದಲೇ ಪಕ್ಕದ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ರವಿಕಿರಣ್ ಗೋಡೆಯ ಮೇಲಿಂದ ಬಗ್ಗಿದ. ಅವನು ಹುಟ್ಟಿದಾಗಿನಿಂದ ಗಿಟಾರು ಮುಟ್ಟಿದವನಲ್ಲ, ಆದರೆ ಗಿಟಾರಿನ ವಿಡಿಯೋ ನೋಡುವುದರಲ್ಲಿ ಪಳಗಿದವನು.

"ಮಗಾ, ಮ್ಯಾಗ್ನೆಟ್ಟಾ? ಇಷ್ಟು ಕಷ್ಟಪಟ್ಟು ಮರದಲ್ಲಿ ಮಾಡಿದೀಯ, ಆ ಮರದ ದನಿ ಬರೋದು ಬೇಡ್ವಾ? ಪಿಯೆಜೋ ಹಾಕು. ಸಖತ್ ನ್ಯಾಚುರಲ್ಲು!"

ಅದೂ ಸರಿಯೆನಿಸಿತು. ಗುರುಸಿದ್ದ ಬೆಸುಗೆ ಬಿಚ್ಚಿದ. ಅದನ್ನು ಕೇಳಿ ಸೇತುರಾಮರು ಮತ್ತೆ ಮೆಟ್ಟಿಲು ಹತ್ತಿದರು. ಅವರದೂ ಸರಿಯೆನಿಸಿತು, ಮತ್ತೆ ಬೆಸೆದ. ಈ ನಡುವೆ ಅವರ ಹೆಂಡತಿ ಅಮ್ಮಣ್ಣಿ ಕಡುಬು ಹಿಡಿದು ಬಂದು, "ಏನದು, ಪಿಜ್ಜಾನಾ? ಹಬ್ಬದ ದಿನಾನಾ?" ಎಂದು ಗಾಬರಿಯಾದರು; ಅಲ್ಲವೆಂದು ತಿಳಿದ ಮೇಲೆ, "ಅಯಸ್ಕಾಂತ ಮಾತ್ರ ಬೇಡಪ್ಪ, ಮನೇಲಿರೋ ಗಡಿಯಾರ ಎಲ್ಲಾ ನಿಂತುಹೋಗತ್ತೆ" ಎಂದು ಹೇಳಿ ಇಳಿದರು. ಮಧ್ಯಾಹ್ನದ ಹೊತ್ತಿಗೆ ತೂತಿನ ಸುತ್ತಲಿನ ಮರ ಸೀದ ಹೋಳಿಗೆಯ ಬಣ್ಣಕ್ಕೆ ತಿರುಗಿತ್ತು. ಗುರುಸಿದ್ದನಿಗೆ ತನ್ನ ತಲೆಯೊಳಗೆ ಇಡೀ ಬೀದಿಯೇ ಬಾಡಿಗೆಗೆ ಬಂದಂತಾಗಿತ್ತು. ಕೊನೆಗೆ, ಹೋಗಲಿ, ಗಡಿಯಾರಗಳಾದರೂ ಉಳಿಯಲಿ ಎಂದು ಪಿಯೆಜೋ ಬಿಲ್ಲೆಯನ್ನೇ ಅಂಟಿಸಿದ.

ಊಟವಾದ ಮೇಲೆ ಪೆಂಡಾಲಿಗೆ ಒಯ್ದು ಸ್ಪೀಕರಿಗೆ ಸಿಕ್ಕಿಸಿದ. ತಂತಿ ಮೀಟಿದರೆ ದನಿ ಬಂತು. ಅದರ ಜೊತೆಗೆ ಅಂಗಿಯ ಗುಂಡಿ ತಾಗಿದ್ದೂ ಬಂತು, ಉಗುರು ಕೆರೆದದ್ದೂ ಬಂತು. ಪ್ರಸನ್ನ ಹುರುಪಿನಿಂದ ಸೌಂಡು ಏರಿಸಿದ. ಅಷ್ಟರಲ್ಲಿ ಪಾರವ್ವ ವೇದಿಕೆ ಹತ್ತಿ ಮಗನ ಪಕ್ಕ ಕೂತು, ಗುಟ್ಟು ಹೇಳುವವಳಂತೆ ಡ್ರಾಯರಿನ ಮೇಲೆ ಬಗ್ಗಿದಳು.

"ಅಮ್ಮಣ್ಣಿಯವ್ರ ಸಾರು ಉಂಡ್ಯೇನೋ? ಈ ಮಂದಿ ಸಾರಿಗೂ ಬೆಲ್ಲಾ ಹಾಕ್ತಾರಲ್ಲೋ! ಬಾಯಾಗ ಇಡಾಕ ಆಗಂಗಿಲ್ಲ."

ಮರ ನಡುಗಿತು, ಬಿಲ್ಲೆ ಹಿಡಿಯಿತು. ಬೆಲ್ಲದ ಸಾರಿನ ಸುದ್ದಿ ಸುದ್ದಗುಂಟೆಪಾಳ್ಯದ ನಾಲ್ಕೂ ಅಡ್ಡರಸ್ತೆಗಳಿಗೆ ಹರಡಿತು. ಪೆಂಡಾಲಿನ ಎದುರಿಗೇ ಇದ್ದ ತಮ್ಮ ಮನೆಯ ಬಾಗಿಲಲ್ಲಿ ರಂಗೋಲಿ ತಿದ್ದುತ್ತಿದ್ದ ಅಮ್ಮಣ್ಣಿ ಮೆಲ್ಲಗೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಮಾತಾಡಿದ್ದು ನಾನಲ್ರೀ, ಪೆಟಗಿ!" ಎಂದು ಪಾರವ್ವ ಕೂಗಿದಳು. ಅದನ್ನೂ ಪೆಟ್ಟಿಗೆ ಬೀದಿಗೆಲ್ಲ ಸಾರಿತು.

ಗುರುಸಿದ್ದ ಬಿಲ್ಲೆಯನ್ನು ಕಿತ್ತೇಬಿಟ್ಟ. ಅಯಸ್ಕಾಂತವೇ ವಾಸಿ, ಅದಕ್ಕೆ ಉಕ್ಕು ಕೇಳಿಸುತ್ತದೆ, ಅವ್ವ ಕೇಳಿಸುವುದಿಲ್ಲ. ಪರೀಕ್ಷೆ ಮಾಡಲು ಹೊತ್ತಿರಲಿಲ್ಲ. ಕಪ್ಪು ಡಬ್ಬಿಯನ್ನು ತಂತಿಯ ಕೆಳಗೆ ಕೂರಿಸಿ, ಮುಖ ತೊಳೆದು ಇಸ್ತ್ರಿ ಅಂಗಿ ತೊಡುವಷ್ಟರಲ್ಲಿ ಪೆಂಡಾಲಿನಲ್ಲಿ ಅವನ ಹೆಸರು ಕೂಗುತ್ತಿದ್ದರು.

ಸೀರಿಯಲ್ ಸೆಟ್ಟಿನ ದೀಪಗಳು ಜಗಮಗಿಸುತ್ತಿದ್ದವು. ಪಾರವ್ವ ಮೊದಲ ಸಾಲಿನಲ್ಲಿದ್ದಳು. ಗುರುಸಿದ್ದನ ನಂತರ ಹಾಡಬೇಕಿದ್ದ ಅಮ್ಮಣ್ಣಿಯ ಭಜನಾ ಮಂಡಳಿ ವೇದಿಕೆಯ ಪಕ್ಕದಲ್ಲಿ ಕೂತಿತ್ತು; ಅಮ್ಮಣ್ಣಿ ಇವನತ್ತ ತಿರುಗಿಯೂ ನೋಡಲಿಲ್ಲ. ವೈರು ಸಿಕ್ಕಿಸಿದ್ದೇ ತಡ, ಸ್ಪೀಕರು 'ಗುಂಯ್...' ಎಂದಿತು. ದೀಪದ ವೈರುಗಳಲ್ಲಿ ಹರಿಯುವ ಕರೆಂಟಿನ ಗುನುಗನ್ನೆಲ್ಲ ಅಯಸ್ಕಾಂತದ ಸುರುಳಿ ಎಳೆದುಕೊಂಡಿತ್ತು. ಗುರುಸಿದ್ದ ತಂತಿ ಮೀಟಿದ. ಜೇನುಗೂಡಿನೊಳಗೆ ಯಾರೋ ಚಮಚ ಬೀಳಿಸಿದ ಹಾಗೆ ಕೇಳಿಸಿತು. ಪ್ರಸನ್ನ ಭಾವಮೈದನಿಗೆ ಕೈಸನ್ನೆ ಮಾಡಿದ.

ಗಾಬರಿಯಲ್ಲಿ ಗುರುಸಿದ್ದ ಪಕ್ಕಕ್ಕೆ ತಿರುಗಿದ. ಗುಂಯ್ ಕಡಿಮೆಯಾಯಿತು. ಇನ್ನೂ ಸ್ವಲ್ಪ ತಿರುಗಿದ, ಮತ್ತೆ ಜೋರಾಯಿತು.

"ಅಲುಗಾಡ್ಬೇಡಿ!" ಎಂದು ಯಾರೋ ಕಿರುಚಿದರು.

ಅಮ್ಮಣ್ಣಿ ಎದ್ದು ನಿಂತಿದ್ದರು. ಕಣ್ಣು ಮುಚ್ಚಿದ್ದರು. "ಷಡ್ಜ! ಅಚ್ಚುಕಟ್ಟಾದ ಷಡ್ಜ! ನಮ್ಮ ಶ್ರುತಿಪೆಟ್ಟಿಗೆ ಆಗ್ಲೇ ಕೈಕೊಟ್ಟಿದೆ, ದೇವರೇ ನಡೆಸಿಕೊಟ್ಟ. ಬನ್ರೇ ಎಲ್ಲಾ, ಶುರು ಮಾಡೋಣ. ನೀವು ಹೀಗೇ ನಿಂತಿರಿ."

'ಹೀಗೇ' ಅಂದರೆ ಸಭೆಗೆ ಬೆನ್ನು ಮಾಡಿ. ಗುಂಯ್‌ಕಾರ ತುಂಬಿ ಬರುತ್ತಿದ್ದದ್ದು ಗಣೇಶನ ಹಿಂದಿನ ದೀಪಗಳ ಕಡೆಗೆ ಗಿಟಾರು ತಿರುಗಿದಾಗ ಮಾತ್ರ. ಹೆಂಗಸರು ಹಾಡಿದರು, ಹಾಡಿನ ಮೇಲೆ ಹಾಡಿದರು, ಬೀದಿಯೆಲ್ಲ ತಾಳ ಹಾಕಿತು. ಗುರುಸಿದ್ದ ಪರದೆಯ ಜರಿ ನೋಡುತ್ತ ನಿಂತ. ಮೂಗು ತುರಿಸಲು ಹೋದಾಗ ಬೆರಳು ತಂತಿಗೆ ತಗಲಿ 'ಟಿಣ್' ಎಂದಿತು. "ಅದನ್ನ ಮುಟ್ಬೇಡಪ್ಪಾ!" ಎಂದು ಇಡೀ ಮಂಡಳಿ ಗದರಿತು.

ಮಂಗಳಾರತಿಯಾದ ಮೇಲೆ ಎಲ್ಲರೂ ಸುತ್ತುವರಿದರು. "ನಾನ್ ಹೇಳ್ಲಿಲ್ವಾ ಮ್ಯಾಗ್ನೆಟ್ ಅಂತ?" ಎಂದು ಸೇತುರಾಮರು ಸಿಕ್ಕವರ ಕೈಯನ್ನೆಲ್ಲ ಕುಲುಕುತ್ತಿದ್ದರು.

ಪಾರವ್ವ ಕಣ್ಣೊರೆಸಿಕೊಂಡಳು. "ಎಷ್ಟ ಛಂದ ನಿಂತಿದ್ದ್ಯೋ ನನ್ನಪ್ಪ! ಒಂದೀಟೂ ಅಲುಗಾಡ್ಲಿಲ್ಲ."

ಅಮ್ಮಣ್ಣಿಯೂ ಸಾರಿನ ಸಿಟ್ಟು ಮರೆತು ಅವಳ ಕೈ ಹಿಡಿದರು. "ಎಂಥಾ ಮಗನ್ನ ಹೆತ್ತಿದೀರಿ! ಇನ್ನು ಪ್ರತಿ ಶುಕ್ರವಾರ ನಮ್ಮ ಭಜನೆಗೆ ಇವರೇ." ಆಮೇಲೆ ಗುರುಸಿದ್ದನ ಕಡೆ ತಿರುಗಿ, "ನನಗೆ ಶ್ರುತಿ ಅರ್ಧ ಮನೆ ಕಡಿಮೆಯಾಯ್ತು. ಸ್ವಲ್ಪ ಏರಿಸೋಕ್ಕಾಗತ್ತಾ?" ಎಂದರು.

"ಅದು ಕರೆಂಟಿನ ಶ್ರುತಿ ಆಂಟಿ, ಕರೆಂಟ್ ಆಫೀಸಿನವ್ರನ್ನೇ ಕೇಳ್ಬೇಕ್ರಿ" ಎಂದ ಗುರುಸಿದ್ದ. ಆಮೇಲೆ ಧೈರ್ಯ ಮಾಡಿ, "ಶುಕ್ರವಾರ ನಾ ಒಂದ್ ಹಾಡು ಬಾರಿಸ್ಲೇನ್ರಿ?" ಎಂದು ಕೇಳಿದ.

ಅಮ್ಮಣ್ಣಿ ಗಿಟಾರನ್ನು ಮೇಲಿಂದ ಕೆಳಗೆ ನೋಡಿ, ತಾಯಿ ಮಗುವಿಗೆ ಹೇಳುವಷ್ಟು ಮೃದುವಾಗಿ ಹೇಳಿದರು:

"ಬಾರಿಸೋದೆಲ್ಲಾ ಬೇಡಪ್ಪಾ. ಬರೋವಾಗ ಆ ತಂತಿಗಳನ್ನೆಲ್ಲಾ ಬಿಚ್ಚಿಟ್ಟು ಬಾ. ಸುಮ್ನೆ ಅಪಶ್ರುತಿ."