ಮಾವನ ಕಾಗದದ ಪಿಸ್ತೂಲುಗಳು

ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ನನ್ನ ಸೋದರಮಾವನಷ್ಟು ಪಿಸ್ತೂಲು ಇಟ್ಟುಕೊಂಡವರು ಇನ್ನೊಬ್ಬರಿಲ್ಲ! ಗಾಬರಿಯಾಗಬೇಡಿ. ಎಲ್ಲವೂ ಪೆನ್ಸಿಲಿನಲ್ಲಿ ಬರೆದವು. ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ ತಣ್ಣಗೆ ಮಲಗಿರುವಂಥವು. ನಿಜವಾದ ಪಿಸ್ತೂಲನ್ನು ಅವರು ಜನ್ಮದಲ್ಲಿ ಮುಟ್ಟಿಲ್ಲ. ದೀಪಾವಳಿಯ ಪಟಾಕಿಗೆ ಕಿವಿ ಮುಚ್ಚಿಕೊಂಡು ಬಚ್ಚಲುಮನೆ ಸೇರುವ ಮನುಷ್ಯ ಮುಟ್ಟುವುದುಂಟೇ?

ಉಡುಪಿಯಿಂದ ಬಂದ ನಮ್ಮ ಬಂಧುಗಳೆಲ್ಲ ಹೋಟೆಲು ಸೇರಿದಾಗ ಮಾವ ಮಾತ್ರ ರಬಾಳೆಯ ಕಾರ್ಖಾನೆಯೊಂದರಲ್ಲಿ ಸ್ಪ್ರಿಂಗ್ ಸುತ್ತುವ ಕೆಲಸ ಹಿಡಿದರು. ಒಂದು ದಿನ ಅಂತರ್ಜಾಲದಲ್ಲಿ ಯಾವುದೋ ಚಿಕ್ಕ ಪಿಸ್ತೂಲಿನ ಒಳನಕ್ಷೆ ಅವರ ಕಣ್ಣಿಗೆ ಬಿತ್ತು. ನನಗಾಗಿದ್ದರೆ ಅದರಲ್ಲಿ ಹಿಂಸೆ ಕಾಣುತ್ತಿತ್ತು. ಅವರಿಗೆ ಕಂಡದ್ದು ಸ್ಪ್ರಿಂಗ್!

"ಗುಂಡು ಹಾರಿದ ಧಕ್ಕೆಗೆ ಮೇಲಿನ ಭಾಗ ಹಿಂದೆ ಜಾರ್ತದೆ ಮಗಾ, ಸ್ಪ್ರಿಂಗ್ ಅದನ್ನು ವಾಪಸ್ ತಳ್ತದೆ. ದೊಡ್ಡ ಪಿಸ್ತೂಲಿನಲ್ಲಿ ಜಾರ್ಲಿಕ್ಕೆ ಜಾಗ ಉಂಟು. ಚಿಕ್ಕದು ಮಾಡಿದ್ರೆ ಜಾಗ ಕಮ್ಮಿ, ತೂಕ ಕಮ್ಮಿ, ಧಕ್ಕೆ ಮಾತ್ರ ಅಷ್ಟೇ! ಸ್ಪ್ರಿಂಗ್ ಗಟ್ಟಿ ಮಾಡ್ಬೇಕು. ಮಾಡಿದ್ರೆ ಕೈಯಲ್ಲಿ ಎಳೀಲಿಕ್ಕೆ ಬರುದಿಲ್ಲ. ಎಂಥ ಫಜೀತಿ ನೋಡು ಮಾರಾಯ್ತಿ!"

"ನಮ್ಮ ಮನೆಯದ್ದೂ ಅದೇ ಕಥೆ," ಎಂದು ಒಳಗಿನಿಂದ ಅತ್ತೆ. "ಒಂದು ರೂಮು, ಒಂದು ಕಿಚನ್. ಇವರ ಧಕ್ಕೆ ಮಾತ್ರ ಬಂಗಲೆಯದ್ದು!"

ಫಜೀತಿಗೆ ಪರಿಹಾರವೂ ನಕ್ಷೆಯಲ್ಲಿತ್ತು: ಒಂದರೊಳಗೊಂದು ಎರಡು ಸ್ಪ್ರಿಂಗ್. ಮಾವ ಅದನ್ನು ಗೋಡೆಗೆ ಮಡಚುವ ಊಟದ ಮೇಜಿಗೆ ಅಳವಡಿಸಿದರು. ಕಳಂಬೋಲಿಯಲ್ಲಿ ಕಬ್ಬಿಣದ ವ್ಯಾಪಾರ ಮಾಡುವ ಅತ್ತೆಯ ಅಣ್ಣ ಉದ್ಘಾಟನೆಯ ಊಟಕ್ಕೆ ಬಂದರು. ಸಾಂಬಾರು ಹಾಕಿಸಿಕೊಂಡು, ಮೇಜಿನ ಮೇಲೂರಿದ್ದ ಮೊಣಕೈಯನ್ನು ಅವರು ಎತ್ತಿದ್ದೇ ತಡ, ಫಟ್ ಎಂದು ಮೇಜು ಗೋಡೆ ಸೇರಿತು. ಸಾಂಬಾರು ಅವರ ಬಿಳಿ ಶರ್ಟು ಸೇರಿತು! ಮಾವ ಮೆಲ್ಲನೆ ನನ್ನ ಕಿವಿಯಲ್ಲಿ, "ಎಷ್ಟು ಚಂದ ವಾಪಸ್ ಬಂತು, ನೋಡಿದ್ಯಾ?" ಎಂದರು.

ರೈಲಿನ ಪ್ರಸಂಗವಂತೂ ಇನ್ನೂ ಘನವಾದದ್ದು. ಮಾವನ ಪ್ರಕಾರ ಬೆಳಗಿನ ಡೊಂಬಿವಲಿ ಪ್ಲಾಟ್‌ಫಾರ್ಮು ಗುಂಡು ತುಂಬಿದ ಮ್ಯಾಗಜಿನ್, ಪಿಸ್ತೂಲಿನ ಹಿಡಿಯೊಳಗಿನ ಆ ಗುಂಡಿನ ಗೂಡು. ಕೆಳಗೆ ಎರಡು ಸಾಲು, ಬಾಯಿಗೆ ಬರುವಾಗ ಒಂದೇ ಸಾಲು, ಒಬ್ಬ ಓರೆಯಾದರೆ ಎಲ್ಲವೂ ಜಾಮ್. ಇದನ್ನು ಅವರು ರೈಲುಡಬ್ಬಿಯ ಬಾಗಿಲಲ್ಲಿ ನಿಂತು, ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ ವಿವರಿಸಿದರು. ಠಾಣೆ ರೈಲು ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ರೈಲ್ವೆ ಪೊಲೀಸರೊಬ್ಬರು ಕಾದು ನಿಂತಿದ್ದರು! ಚೀಲ ತೆರೆದರೆ ಬುತ್ತಿ, ಮೂರು ಸ್ಪ್ರಿಂಗ್, ನಾಲ್ಕು ನಕ್ಷೆ.

"ಕಾಕಾ, ಹೇ ಕಾಯ್ ಆಹೇ?" ಇದೇನೆಂದು ಮರಾಠಿಯಲ್ಲಿ ಕೇಳಿದರು ಪೊಲೀಸರು.

ಮಾವ ಅವರ ಸೊಂಟದ ಪಿಸ್ತೂಲನ್ನು ಅಕ್ಕರೆಯಿಂದ ನೋಡಿ ಕೇಳಿದರಂತೆ: "ಸಾಹೇಬ್, ಇಸ್ಕಾ ಸ್ಪ್ರಿಂಗ್ ಕಬ್ ಬದಲಾ?"

ತಮ್ಮ ಪಿಸ್ತೂಲಿನ ಸ್ಪ್ರಿಂಗ್ ಯಾವಾಗ ಬದಲಾಯಿತೆಂದು ಸಾಹೇಬರಿಗೆ ಗೊತ್ತಿರಲಿಲ್ಲ. ಚಹಾ ಕುಡಿಸಿ ಕಳುಹಿಸಿದರು. ನಾನು ಎರಡು ದೂರು ಬರೆಯಲು ಸಿದ್ಧಳಾದೆ: ಸಕಾರಣವಿಲ್ಲದೆ ನಾಗರಿಕನನ್ನು ತಡೆದದ್ದಕ್ಕೆ ಒಂದು, ಶಸ್ತ್ರದ ನಿರ್ವಹಣೆಯಲ್ಲಿನ ನಿರ್ಲಕ್ಷ್ಯಕ್ಕೆ ಇನ್ನೊಂದು. "ಚಹಾ ಚಂದ ಇತ್ತು, ಬಿಡು," ಎಂದರು ಮಾವ.

ಬಿಡುವುದು ನನ್ನ ಜಾಯಮಾನವಲ್ಲ. ಶಾಲೆಯ ಮುಂದೆ ಆಟಿಕೆ ಬಂದೂಕು ಮಾರುವುದು ತಪ್ಪು. ಗಣೇಶೋತ್ಸವದ ಮಂಟಪಗಳ ಧ್ವನಿವರ್ಧಕ ತಪ್ಪು. ಪಾದಚಾರಿ ಮಾರ್ಗದ ಮೇಲೆ ಕಾರು ನಿಲ್ಲಿಸುವುದು ತಪ್ಪು. ಪ್ರತಿಯೊಂದಕ್ಕೂ ನಾನು ಮನವಿಪತ್ರ ಬರೆದಿದ್ದೇನೆ. ಹೀಗಿರುವಾಗ ನಮ್ಮ ಕನ್ನಡ ಸಂಘದವರು ಮಾವನಿಗೆ ಒಂದು ಉಪನ್ಯಾಸದ ಅವಕಾಶ ಕೊಟ್ಟರು. ವಿಷಯ: 'ಚಿಕ್ಕ ಪಿಸ್ತೂಲಿನ ದೊಡ್ಡ ಕಷ್ಟ.' ಬದುಕಿನಲ್ಲಿ ಮೊದಲ ಬಾರಿಗೆ ಯಾರೋ ಅವರನ್ನು ವೇದಿಕೆಗೆ ಕರೆದಿದ್ದರು. ಹೊಸ ಶರ್ಟು ಹೊಲಿಸಿದರು. ತಿಂಗಳುಗಟ್ಟಲೆ ಟಿಪ್ಪಣಿ ಬರೆದರು.

ನಾನು ಸಂಘದ ಸಮಿತಿಗೆ ನಾಲ್ಕು ಪುಟಗಳ ಆಕ್ಷೇಪ ಬರೆದೆ. ಸಾಂಸ್ಕೃತಿಕ ವೇದಿಕೆಯಲ್ಲಿ ಆಯುಧದ ವೈಭವೀಕರಣವೇ? ಮಕ್ಕಳ ಮನಸ್ಸಿನ ಮೇಲೆ ಪರಿಣಾಮವೇನು? ವಾದ ಗೆದ್ದೆ. ಮಾವನ ಬದಲು ವೈದ್ಯರೊಬ್ಬರು ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡಿದರು. ಮಾವ ಆ ಹೊಸ ಶರ್ಟನ್ನೇ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

"ನಿನ್ನ ಪತ್ರ ಓದಿದೆ ಮಗಾ. ಭಾಷೆ ಭಾರೀ ಚಂದ. ಒಂದೇ ತಪ್ಪು," ಎಂದರು. "ನೀನು ಸ್ವಯಂಚಾಲಿತ ಅಂತ ಬರ್ದಿದ್ದೀ. ಇದು ಅರೆ ಸ್ವಯಂಚಾಲಿತ. ಒಮ್ಮೆ ಒತ್ತಿದ್ರೆ ಒಂದೇ ಗುಂಡು."

ನಾನು ನಕ್ಕೆ. ಅವರೂ ನಕ್ಕರು. ಅನಂತರ ಅವರು ನಕ್ಷೆ ಬರೆಯುವುದನ್ನು ಬಿಟ್ಟರೆಂಬುದು ನನಗೆ ಗೊತ್ತಾಗಲು ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಅವರ ಕೈಗೆ ನಡುಕ ಬಂದಿತ್ತು. ಇಪ್ಪತ್ತು ವರ್ಷ ಅವರನ್ನು ಹಂಗಾಮಿ ಎಂದೇ ದುಡಿಸಿದ ಆ ಕಾರ್ಖಾನೆ ಬರಿಗೈಯಲ್ಲಿ ಮನೆಗೆ ಕಳುಹಿಸಿತ್ತು. ಮಾವನ ವಿರುದ್ಧ ನಾಲ್ಕು ಪುಟ ಬರೆದವಳು ಆ ಅನ್ಯಾಯದ ವಿರುದ್ಧ ನಾಲ್ಕು ಸಾಲು ಬರೆದಿರಲಿಲ್ಲ. ಮನೆಯವರ ಕಷ್ಟ ಹೋರಾಟದ ವಿಷಯವಾಗಿ ಕಾಣುವುದೇ ಇಲ್ಲವಲ್ಲ!

ಕಳೆದ ಭಾನುವಾರ ಅತ್ತೆ ಆ ಉಪನ್ಯಾಸದ ಟಿಪ್ಪಣಿಯನ್ನು ನನ್ನ ಕೈಗಿತ್ತರು. "ನೀನು ಓದಿದ್ದೀ ಅಂತ ಇವರು ತಿಳ್ಕೊಂಡಿದ್ದಾರೆ. ಓದಿದ್ಯಾ?" ಎಂದು ಕೇಳಿದರು. ಓದಿರಲಿಲ್ಲ. ಓದದೆಯೇ ನಿಲ್ಲಿಸಿದ್ದೆ.

ಇಪ್ಪತ್ತೆರಡು ಪುಟಗಳಲ್ಲಿ ಹದಿನೈದು ಒಂದೇ ಬಿಡಿಭಾಗದ ಬಗ್ಗೆ ಇದ್ದವು: ಬೆರಳು ಪೂರ್ತಿ ಒತ್ತುವವರೆಗೆ ಗುಂಡಿಗೆ ಬಡಿಯುವ ಪಿನ್ನನ್ನು ಅಲುಗದಂತೆ ಹಿಡಿದಿಡುವ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ತಡೆ. ಮೊದಲ ವಾಕ್ಯ ಹೀಗಿತ್ತು: "ಮಾನ್ಯರೇ, ಪಿಸ್ತೂಲು ಕೈಜಾರಿ ಬಿದ್ದದ್ದರಿಂದ ಯಾರೂ ಸಾಯಬಾರದು." ಆಯುಧಗಳ ಬಗ್ಗೆ ನನ್ನ ನಿಲುವು ಇಂದಿಗೂ ಬದಲಾಗಿಲ್ಲ. ಆದರೆ ಆ ವಾಕ್ಯವನ್ನು ಇನ್ನೂರು ಜನ ಕೇಳದಂತೆ ಮಾಡಿದವಳು ನಾನೇ.

ಕೊನೆಯ ಪುಟದ ಚಿತ್ರ ಅರ್ಧಕ್ಕೇ ನಿಂತಿತ್ತು. ಕಿಟಕಿಯ ಬಳಿ ಕೂತಿದ್ದ ಮಾವನ ಮುಂದೆ ಅದನ್ನು ಹರಡಿದೆ. ಅವರು ಪೆನ್ಸಿಲು ಹಿಡಿದರು. ಅದು ಕಾಗದದ ಮೇಲೆ ಚುಕ್ಕಿಗಳನ್ನಷ್ಟೇ ಉದುರಿಸಿತು. ನನ್ನ ಕೈಗೆ ಕೊಟ್ಟರು.

"ನೀನೇ ಎಳಿ ಮಗಾ. ಮೊದಲು ಪಿನ್ನು. ಆಮೇಲೆ ಅಡ್ಡಕ್ಕೆ, ಆ ತಡೆ. ಮೆಲ್ಲ."

ಎಳೆದೆ. ಕಣ್ಣು ಮಂಜಾಗಿ ಗೆರೆ ಸೊಟ್ಟಗೆ ಬಂತು. ಅಳಿಸಲು ಹೋದಾಗ ಮಾವ ತಮ್ಮ ನಡುಗುವ ಕೈಯನ್ನು ನನ್ನ ಕೈಯ ಮೇಲಿಟ್ಟರು.

"ಇರಲಿ," ಎಂದರು. "ಇಷ್ಟಿದ್ರೆ ತಡೀತದೆ."